ಕಿವಿ ದೊಡ್ಡಪ್ಪ ಮೇಜು ತಟ್ಟಿದ್ದು

ನಮ್ಮ ದೊಡ್ಡಪ್ಪನಿಗೆ ಹುಟ್ಟಿನಿಂದ ಕಣ್ಣಿಲ್ಲ. ಆದರೆ ಇಡೀ ಕುರಾನ್ ಬಾಯಿಪಾಠ. ಊರೆಲ್ಲ ಅವರನ್ನು ‘ಕಿವಿ’ ಎಂದೇ ಕರೆಯುತ್ತದೆ, ಹೊಟ್ಟೆಪಾಡೂ ಆ ಕಿವಿಯಿಂದಲೇ. ಕುರಾನ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಒಬ್ಬ ಕರಡನ್ನು ಗಟ್ಟಿಯಾಗಿ ಓದುತ್ತಾನೆ, ಇವರು ಕೇಳುತ್ತಾರೆ. ತಪ್ಪಿದ್ದರೆ ಮೇಜು ತಟ್ಟುತ್ತಾರೆ. ತಟ್ಟಿದರೆ ಮುಗಿಯಿತು, ತಿದ್ದಲೇಬೇಕು. ಸೊಳ್ಳೆ ಹೊಡೆಯಲು ತಟ್ಟಿದರೂ ಓದುವವನು ಪೆನ್ನು ಎತ್ತುತ್ತಿದ್ದ! ಮೂವತ್ತೊಂದು ವರ್ಷ ಹೀಗೇ ನಡೆಯಿತು. ಅದೇ ಕೋಣೆಯ ಮೂಲೆಯಲ್ಲಿ ನಾನೂ ದೊಡ್ಡಮ್ಮನೂ ಅಚ್ಚಾದ ಹಾಳೆಗಳನ್ನು ಹೊಲಿಯುತ್ತೇವೆ.

ಬಾಯಿಪಾಠದವರಿಗೆ ಮಾತ್ರ ಆಗುವ ತಪ್ಪು ಒಂದಿದೆ. ಗ್ರಂಥದಲ್ಲಿ ಒಂದೇ ಪ್ರಸಂಗ ಎರಡು ಕಡೆ ಹೆಚ್ಚುಕಡಿಮೆ ಅವೇ ಮಾತುಗಳಲ್ಲಿ ಬರುವುದುಂಟು. ಒಂದರಲ್ಲಿ ಹೊರಟ ನೆನಪು ಗೊತ್ತಿಲ್ಲದೆ ಇನ್ನೊಂದಕ್ಕೆ ಜಾರಿಬಿಡುತ್ತದೆ.

ಕಳೆದ ಮಂಗಳವಾರ ದೊಡ್ಡಪ್ಪ ಮೇಜು ತಟ್ಟಿದರು. ಓದುವವನು ಪೆನ್ನು ಎತ್ತಿದ.

“ರೀ, ಹಾಳೆ ಸರಿಯಾಗೇ ಇದೆ. ತಪ್ಪಿದ್ದು ನೀವು.”

ದೊಡ್ಡಮ್ಮ! ಆ ಕೋಣೆಯಲ್ಲಿ ಒಂದು ದಿನವೂ ತುಟಿಪಿಟಕ್ಕೆನ್ನದ ದೊಡ್ಡಮ್ಮ! ನನ್ನ ಸೂಜಿ ಕೈಜಾರಿ ಬಿತ್ತು. ಅಷ್ಟಕ್ಕೇ ನಿಲ್ಲದೆ ಆ ಸಾಲನ್ನು ತಾವೇ ಹೇಳಿದರು. ಮುಂದಿನದನ್ನೂ ಹೇಳಿದರು. ಹೊಲಿಯುತ್ತಾ ಹೊಲಿಯುತ್ತಾ ಕೇಳಿಯೇ ಕಲಿತುಬಿಟ್ಟಿದ್ದಾರೆ, ಪಕ್ಕದಲ್ಲೇ ಕೂತ ನನಗೆ ಗೊತ್ತೇ ಇಲ್ಲ!

ಪ್ರೆಸ್ಸಿನ ಮ್ಯಾನೇಜರು ಓಡಿಬಂದು, ತಾಳೆ ನೋಡಲೆಂದೇ ಇಟ್ಟಿದ್ದ ಹಳೆಯ ಪ್ರತಿ ತೆರೆದರು. ದೊಡ್ಡಮ್ಮ ಹೇಳಿದ್ದೇ ಸರಿ.

ದೊಡ್ಡಪ್ಪನ ಮುಖ ಸುಣ್ಣವಾಯಿತು. ಓದುವವನ ಕಡೆ ತಿರುಗಿದರು. “ಹಳೇ ಪ್ರತಿ ನಿನ್ನ ಪಕ್ಕದಲ್ಲೇ ಇತ್ತಲ್ಲೋ! ನೋಡದೇನೇ ತಿದ್ದೋಕೆ ಹೊರಟ್ಯಾ?”

“ನೀವು ಯಾವತ್ತೂ ತಪ್ಪಿಲ್ವಲ್ಲ, ಅಜ್ಜ.”

“ಅದನ್ನ ಯಾರು ನೋಡಿದ್ದಾರೆ?”

ಯಾರೂ ಹಳೆಯ ಪ್ರತಿ ತೆರೆದು ನೋಡಿರಲಿಲ್ಲ. ಹಾಳಾದವರು ನಾವು, ನಂಬಿ ನಂಬಿ ಕೆಟ್ಟೆವು!

ದೊಡ್ಡಪ್ಪ ಹೆಂಡತಿ ಇದ್ದ ಮೂಲೆಗೆ ಮುಖ ಮಾಡಿದರು. “ನಿಜ ಹೇಳೇ. ಇದಕ್ಕೂ ಮುಂಚೆ ತಪ್ಪಿದ್ನಾ?”

ದೊಡ್ಡಮ್ಮ ಹೊಲಿಗೆ ಕೆಳಗಿಟ್ಟರು. ಆಮೇಲೆ ಅಳುತ್ತಾ ಹೇಳಿದರು: “ಹೋದ ವರ್ಷ ಒಂದ್ಸಲ. ನಾಲ್ಕು ಜನರ ಮುಂದೆ ಗಂಡನ ಮಾನ ಹೇಗೆ ಕಳೀಲಿ ಅಂತ ಸುಮ್ಮನಿದ್ದುಬಿಟ್ಟೆ. ಅವತ್ತಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ ರೀ.”

“ನಮಾಜಿನಲ್ಲಿ ಇಮಾಮ್ ತಪ್ಪಿದ್ರೆ ಹಿಂದೆ ನಿಂತವರು ಸರಿಯಾದ ಸಾಲು ಎತ್ತಿಕೊಡಲ್ವೇನೇ? ಅದರಲ್ಲಿ ಯಾರ ಮಾನ ಹೋಗುತ್ತೆ? ನನ್ನ ಮಾನಕ್ಕೋಸ್ಕರ ಆ ಸಾಲನ್ನೇ ಕೆಡಿಸೋಕೆ ಬಿಟ್ಟೆಯಲ್ಲೇ!”

ಹೋದ ವರ್ಷದ ಆ ಅಚ್ಚಿನ ಸಾವಿರ ಪ್ರತಿಗಳೂ ಹೊರಗೆ ಹೋಗಿದ್ದವು. ಹೊಲಿದವರು ನಾವಿಬ್ಬರೇ.

“ತಪ್ಪು ನಂದು ಅಂತಾನೇ ಬರೆದು ಎಲ್ಲಾ ಕಡೆ ಕಾಗದ ಹಾಕಿ. ಒಂದೊಂದು ಪ್ರತೀನೂ ವಾಪಸ್ ಬರಬೇಕು” ಎಂದರು ದೊಡ್ಡಪ್ಪ. ಮ್ಯಾನೇಜರು ಅವರ ಭುಜ ಹಿಡಿದು, “ತರಿಸೋಣ, ಯೋಚನೆ ಮಾಡಬೇಡಿ. ಹಾಳೆ ಬದಲಾಯಿಸಿದರೆ ಆಯ್ತು” ಎಂದರು.

ದೊಡ್ಡಪ್ಪ ಆ ಕೈ ಸರಿಸಿದರು. “ಪುಸ್ತಕ ತರಿಸ್ತೀರಿ. ಅದನ್ನ ನೋಡಿಕೊಂಡು ಯಾವುದಾದರೂ ಮಗು ಬಾಯಿಪಾಠ ಮಾಡಿಬಿಟ್ಟಿದ್ರೆ?”