ಶಸ್ತ್ರವೈದ್ಯರ ಹಳೆಯ ನೆಂಟರು

ಡಾಕ್ಟರು ಹರ್ನಿಯ ಎಂದಾಗ ನಾನು ಹೆದರಲಿಲ್ಲ. ಹೆದರಿಸಿದ್ದು ಆಸ್ಪತ್ರೆಯ ಫಾರಂ. ಅದರ ಕೊನೆಯಲ್ಲಿ ಜೊತೆಗಿರುವವರ ಹೆಸರು, ಸಂಬಂಧ, ಸಹಿ ಎಂದಿತ್ತು. ಮದುವೆಯಿಲ್ಲದೆ ಜಯನಗರದ ಮಹಡಿ ಮನೆಯೊಂದರಲ್ಲಿ ಮೂವತ್ತು ವರ್ಷ ಕಳೆದವನು ಯಾರ ಹೆಸರು ಬರೆಯಬೇಕು, ನೀವೇ ಹೇಳಿ. "ಅಟೆಂಡರ್ ಇಲ್ದೆ ಆಪರೇಷನ್ ಮಾಡಲ್ಲ ಸಾರ್," ಎಂದರು ಕೌಂಟರಿನಾಕೆ.

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಚರಿತ್ರೆಯ ಮೇಷ್ಟರಾಗಿದ್ದ ನಾನು ಪುಸ್ತಕ ತೆರೆಯುತ್ತೇನೆ. ನಮ್ಮ ಪ್ರಾಚೀನ ವೈದ್ಯರು ಶಿಷ್ಯರಿಗೆ ಮೊದಲು ಕುಂಬಳಕಾಯಿ, ಸೌತೆಕಾಯಿ ಕೊಟ್ಟು ಕೊಯ್ಯುವುದನ್ನು ಕಲಿಸುತ್ತಿದ್ದರಂತೆ. ಆ ಪ್ರಕಾರ ದಿನಾ ಹುಳಿ ಮಾಡಿಕೊಳ್ಳುವ ನಾನೂ ಅರ್ಧ ಸರ್ಜನ್ನೇ. ಯುರೋಪಿನಲ್ಲೋ, ಕತ್ತಿ ಹಿಡಿಯುವುದೆಂದರೆ ಓದಿದ ವೈದ್ಯರಿಗೆ ಅವಮಾನ. ಕುರು ಕೊಯ್ಯುವುದು, ಹಲ್ಲು ಕೀಳುವುದು, ಕೈಕಾಲು ಕತ್ತರಿಸುವುದು ಎಲ್ಲ ಕ್ಷೌರಿಕರ ಪಾಲು. ಕ್ಷೌರಿಕರೂ ಸರ್ಜನ್ನರೂ ಒಂದೇ ಸಂಘದಲ್ಲಿದ್ದು, ಸರ್ಜನ್ನರಿಗೆ ಗೌರವ ಬಂದ ಮೇಲೆ ಅಣ್ಣತಮ್ಮಂದಿರ ಹಾಗೆ ಬೇರೆಯಾದರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಸರ್ಜನ್ನರನ್ನು ಡಾಕ್ಟರ್ ಎನ್ನದೆ ಬರೀ ಮಿಸ್ಟರ್ ಎನ್ನುವುದು ಆ ಕಾಲದ ಗುರುತು.

ಇದನ್ನೆಲ್ಲ ನಾನು ಕೊರೆದದ್ದು ಪಕ್ಕದ ಸಿದ್ದಾಪುರದ ಮುನಿರಾಜು ಅವರಿಗೆ. ಇಪ್ಪತ್ತು ವರ್ಷದಿಂದ ನನ್ನ ಕೂದಲು ಕತ್ತರಿಸುವವರು ಅವರು. ನನ್ನನ್ನು ಮುಟ್ಟಿ ಮಾತಾಡಿಸುವ ಮನುಷ್ಯರು ಈಗ ಅವರೊಬ್ಬರೇ.

ಅವರು ಕತ್ತರಿ ನಿಲ್ಲಿಸಿದರು. "ಅದಿರ್ಲಿ ಸಾರ್, ಜೊತೆಗೆ ಯಾರು ಬರ್ತಾರೆ?"

ಅಷ್ಟು ಚರಿತ್ರೆ ಹೇಳಿದ್ದೇ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು. ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಮಂಗಳವಾರ ಹಾಕಿಸ್ಕೊಳ್ಳಿ. ಅವತ್ತು ಅಂಗಡಿ ರಜ, ನಾನ್ ಬರ್ತೀನಿ."

ಹೀಗೆ ನನ್ನ ಆಪರೇಷನ್ನಿನ ದಿನವನ್ನು ಕ್ಷೌರದಂಗಡಿಯ ವಾರದ ರಜವೇ ಗೊತ್ತುಮಾಡಿತು. ಇಸ್ತ್ರಿ ಶರ್ಟು ತೊಟ್ಟು ಬಂದ ಮುನಿರಾಜು ಫಾರಂ ಹಿಡಿದು ನಿಂತರು. "ಇವ್ರು ನಿಮ್ಗೆ ಏನಾಗ್ಬೇಕು?" ಎಂದು ಸರ್ಜನ್ ಕೇಳಿದರು.

"ನನಗಿಂತ ನಿಮಗೇ ಹತ್ತಿರದ ನೆಂಟರು ಡಾಕ್ಟ್ರೇ," ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಮುನಿರಾಜು ನಗದೆ, 'ಸ್ನೇಹಿತ' ಎಂದು ಬರೆದು ಸಹಿ ಹಾಕಿದರು. ಇಪ್ಪತ್ತು ವರ್ಷದಲ್ಲಿ ನಾನು ಆ ಪದವನ್ನು ಅವರಿಗೆ ಒಮ್ಮೆಯೂ ಬಳಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಶಸ್ತ್ರವಿದ್ಯೆ ಈಗ ನೋವನ್ನು ಗೆದ್ದಿದೆ, ಕೀವನ್ನು ಗೆದ್ದಿದೆ. ಆದರೆ ಕೊಯ್ದು ಹೊಲಿದ ಮೇಲೆ ಸುದ್ದಿ ಕೇಳಲು ಹೊರಗೊಬ್ಬರು ಬೇಕು. ಅವರನ್ನು ಯಾವ ಆಸ್ಪತ್ರೆಯೂ ಒದಗಿಸಲಾರದು.

ಎಚ್ಚರವಾದಾಗ ಮುನಿರಾಜು ಪಕ್ಕದಲ್ಲಿದ್ದರು. ಏನಾಯಿತು ಎಂದು ಕೇಳಿದೆ.

"ಡಾಕ್ಟ್ರು ಬಾಗ್ಲು ತೆಗ್ದು ನಿಮ್ಮ ಹೆಸರು ಹೇಳಿ, ಇವ್ರ ಮನೆಯವ್ರು ಯಾರು ಅಂದ್ರು ಸಾರ್. ನಾನ್ ಎದ್ದು ನಿಂತೆ."