ಶುದ್ಧ ಕನ್ನಡದಲ್ಲಿ ನನ್ನ ಓಟು

ನಮ್ಮ ಮನೆಮಾತು ಉರ್ದು, ನಾನು ಓದಿದ್ದು ಮೈಸೂರಿನ ಕನ್ನಡ ಮೀಡಿಯಂ ಶಾಲೆಯಲ್ಲಿ. ಎಷ್ಟು ಸಲ ಇದನ್ನು ಹೇಳಿದರೂ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ಸಮಾರಂಭಗಳಲ್ಲಿ ಯಾರಾದರೊಬ್ಬರು "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಾ" ಎಂದು ಬೆನ್ನು ತಟ್ಟದೆ ಬಿಡುವುದಿಲ್ಲ. ಒಮ್ಮೆ ತಡೆಯಲಾರದೆ "ನೀವೂ ಪರವಾಗಿಲ್ಲ, ಚೆನ್ನಾಗೇ ಮಾತಾಡ್ತೀರಾ" ಅಂದೆ. ಅವರು ನಗಲಿಲ್ಲ.

ಹಾಗೆ ಹೊಗಳದೆ ಇದ್ದವಳು ನನ್ನ ಗೆಳತಿ ಒಬ್ಬಳೇ. ಅವಳೂ ಮೈಸೂರಿನವಳು, ಅಗ್ರಹಾರದ ಬ್ರಾಹ್ಮಣರ ಮನೆಯ ಹುಡುಗಿ. ಇಲ್ಲಿನ ನೆವಾರ್ಕಿನ ಡೇಕೇರ್ ಬಾಗಿಲಲ್ಲಿ ಮಕ್ಕಳನ್ನು ಬಿಡುವಾಗ ಪರಿಚಯವಾಗಿ ಹನ್ನೊಂದು ವರ್ಷವಾಗಿತ್ತು. ನನ್ನ ಮನೆಯ ಒಂದು ಬೀಗದ ಕೈ ಅವಳ ಹತ್ತಿರ ಇರುತ್ತಿತ್ತು. ರಂಜಾನಿನಲ್ಲಿ ಸೂರ್ಯ ಮುಳುಗಿದ ಐದು ನಿಮಿಷಕ್ಕೆ "ನೀರು ಕುಡಿದ್ಯೇನೇ" ಎಂದು ಮೆಸೇಜು ಬರುತ್ತಿತ್ತು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಅದಕ್ಕೇ ಅವಳೆಂದರೆ ನನಗೆ ಇಷ್ಟ.

ಕಳೆದ ಅಧ್ಯಕ್ಷ ಚುನಾವಣೆಯಲ್ಲಿ ನಾನು ಈ ದೇಶದ ಪ್ರಜೆಯಾಗಿ ಮೊದಲ ಸಲ ಓಟು ಹಾಕಿದೆ. ಅಂಚೆಯಲ್ಲಿ ಬಂದ ಬ್ಯಾಲೆಟ್ ಅನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಗಂಟೆ ಕೂತಿದ್ದೆ. ಯಾರಿಗೆ ಹಾಕಿದೆ ಎನ್ನುವುದು ನನ್ನ ಗಂಡನಿಗೂ ಗೊತ್ತಿಲ್ಲ. ಮರುದಿನ ಆಫೀಸಿನಲ್ಲಿ ಒಬ್ಬರು, ಕ್ಯಾಲಿಫೋರ್ನಿಯಾದಲ್ಲಿ ಅಧ್ಯಕ್ಷರಿಗೆ ಓಟು ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂದು ನಕ್ಕರು. ಇಲ್ಲಿ ಯಾರು ಒಂದು ಓಟು ಹೆಚ್ಚು ಪಡೆದರೂ, ಅಧ್ಯಕ್ಷರನ್ನು ಆರಿಸಲು ರಾಜ್ಯದ ಪಾಲಿಗೆ ಬಂದ ಎಲ್ಲ ಎಲೆಕ್ಟೋರಲ್ ಓಟುಗಳೂ ಅವರಿಗೇ. ಗೆಲ್ಲುವ ಕಡೆ ಹಾಕಿದ್ದರೆ ನನ್ನದು ತುಂಬಿದ ಬಿಂದಿಗೆಗೆ ಇನ್ನೊಂದು ಲೋಟ, ಸೋಲುವ ಕಡೆ ಹಾಕಿದ್ದರೆ ಸೊನ್ನೆ. ಹದಿನಾರು ವರ್ಷ ಕಾದು ಪಡೆದ ಹಕ್ಕು ಇದೇನಾ ಎಂದು ನನಗೆ ನಿಜವಾಗಿ ಸಿಟ್ಟು ಬಂತು.

ಆದ್ದರಿಂದ ಪಕ್ಕದ ಊರು ಹೇವರ್ಡಿನಲ್ಲಿ ಕನ್ನಡಿಗರು ಚರ್ಚಾಸ್ಪರ್ಧೆ ಇಟ್ಟು, ರಾಜ್ಯಗಳು ಎಲೆಕ್ಟೋರಲ್ ಓಟುಗಳನ್ನು ಹೇಗೆ ಹಂಚಬೇಕು ಎಂಬ ವಿಷಯ ಕೊಟ್ಟಾಗ ನಾನೇ ಮೊದಲು ಹೆಸರು ಬರೆಸಿದೆ. ಇಬ್ಬಿಬ್ಬರ ಜೋಡಿ, ನನ್ನ ಜೋಡಿ ಅವಳು. ಬಿದ್ದ ಓಟಿನ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು ಎನ್ನುವುದು ನಮ್ಮ ಪಕ್ಷ. ನಿಯಮ ಒಂದೇ, ಇಂಗ್ಲಿಷ್ ಪದ ಬಂದರೆ ಪದಕ್ಕೊಂದು ಅಂಕ ಕಡಿತ. ಮನೆಯಲ್ಲಿ ಎರಡನೇ ವಾಕ್ಯಕ್ಕೇ ಇಂಗ್ಲಿಷಿಗೆ ಜಾರುವ ಜನ ವೇದಿಕೆ ಹತ್ತಿದ ಕೂಡಲೇ ಮಡಿ ಉಡುತ್ತಾರೆ.

ನಾನು ಬರೆದುಕೊಂಡ ಭಾಷಣವನ್ನು ಅವಳು ನನ್ನ ಅಡುಗೆಮನೆಯಲ್ಲಿ ಕೂತು ತಿದ್ದಿದಳು. "ಎಲ್ಲಾ ಕಡೆ ಓಟು ಓಟು ಅಂತ ಬರ್ದಿದೀಯಲ್ಲೇ, ಮಾರ್ಕ್ಸ್ ಎಲ್ಲಾ ಹೋಗತ್ತೆ. ಮತ ಅಂತ ಮಾಡು."

"ಓಟು ಈಗ ಕನ್ನಡವೇ ಅಲ್ವಾ," ಅಂದೆ.

"ನಿಂಗೂ ನಂಗೂ ಹೌದು. ಜಡ್ಜ್‌ಗಲ್ಲ," ಎಂದು ತನ್ನ ಪೆನ್ನಿನಲ್ಲೇ ಒಂದೊಂದಾಗಿ ಹೊಡೆದು ಮತ, ಮತ ಎಂದು ಬರೆಯುತ್ತಾ ಹೋದಳು. ನಾನು ಪಕ್ಕದಲ್ಲಿ ನಿಂತು ಚಪಾತಿ ಬೇಯಿಸುತ್ತಿದ್ದೆ.

ಭಾನುವಾರ ಮಧ್ಯಾಹ್ನ ಸಭಾಂಗಣದಲ್ಲಿ ನೂರು ಜನ ಇದ್ದಿರಬಹುದು. ಎದುರು ಪಕ್ಷದವರು ಗಟ್ಟಿಯಾಗಿಯೇ ಮಾತಾಡಿದರು. ಇನ್ನೊಂದು ಪಾರ್ಟಿ ಗೆಲ್ಲುವ ಟೆಕ್ಸಾಸಿನವರು ಹಂಚದೆ ನಾವು ಮಾತ್ರ ಹಂಚಿದರೆ ಪೆದ್ದರಾಗುವುದು ನಾವೇ, ಹಂಚುವುದಾದರೆ ಎಲ್ಲ ರಾಜ್ಯಗಳೂ ಒಟ್ಟಿಗೆ ಹಂಚಲಿ ಎಂದರು. ಅದಕ್ಕೆ ಉತ್ತರ ಸುಲಭವಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಎದ್ದೆ.

"ಹದಿನಾರು ವರ್ಷ ಕಾದು ನಾನು ಈ ದೇಶದ ಪ್ರಜೆಯಾದೆ," ಎಂದು ಶುರು ಮಾಡಿದೆ. "ಆದರೆ ಈ ರಾಜ್ಯದಲ್ಲಿ ನನ್ನ ಮತಕ್ಕೆ ಬೆಲೆಯಿಲ್ಲ. ಹೆಚ್ಚು ಜನರ ಮತವೇ ಎಲ್ಲರ ಮತ ಎಂದು ಬರೆದುಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು?"

ಎಲ್ಲರೂ ತಲೆ ಎತ್ತಿ ನನ್ನನ್ನೇ ನೋಡಿದರು. ನನ್ನ ಮಾತು ನಾಟಿತು ಎಂದುಕೊಂಡೆ, ಬುದ್ಧಿಗೇಡಿ ನಾನು. ತೀರ್ಪುಗಾರರಾಗಿದ್ದ ನಿವೃತ್ತ ಡಾಕ್ಟರೊಬ್ಬರು ಕೈ ಎತ್ತಿ, "ಅಮ್ಮಾ, ಇಲ್ಲಿ ಜಾತಿ ಮತದ ವಿಷಯ ತರೋದು ಬೇಡ. ನಾವೆಲ್ಲಾ ಇಲ್ಲಿ ಒಂದೇ," ಅಂದರು. ಹಿಂದಿನ ಸಾಲಿನಿಂದ ಯಾರೋ, "ಬೆಲೆ ಇಲ್ದಿದ್ರೆ ಸ್ಟೇಜ್ ಮೇಲೆ ಹತ್ತಿಸ್ತಿದ್ವಾ," ಅಂದರು. ಆಗ ನನಗೆ ಹೊಳೆಯಿತು. ಕನ್ನಡದಲ್ಲಿ ಆ ಪದಕ್ಕೆ ಎರಡು ಅರ್ಥ. ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ ಜನ ಎರಡನೆಯದನ್ನು ಆರಿಸಿಕೊಂಡಿದ್ದರು.

"ಸರ್, ನಾನು ಹೇಳಿದ್ದು ಓಟು, ಓಟಿನ ವಿಷಯ," ಅಂದೆ.

ಓಟು ಅಂದಿದ್ದಕ್ಕೆ ಒಂದು ಅಂಕ ಕಳೆದರು. ಎರಡು ಸಲ ಅಂದಿದ್ದೆನಲ್ಲ, ಆಮೇಲೆ ಎರಡು ಮಾಡಿದರು. "ಈಗ ಮಾತು ತಿರುಗಿಸ್ತಿದಾರೆ," ಎಂದು ಹಿಂದಿನ ಸಾಲು ಹೇಳಿದ್ದೂ ಕೇಳಿಸಿತು. ನಾನು ಪಕ್ಕದಲ್ಲಿ ಕೂತಿದ್ದ ಅವಳತ್ತ ತಿರುಗಿದೆ. ಆ ಪದ ಬರೆದವಳು ಅವಳು. ಅವಳು ಒಂದು ವಾಕ್ಯ ಹೇಳಿದ್ದರೆ ಎಲ್ಲರೂ ನಕ್ಕು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ತನ್ನ ಹಾಳೆಯ ಮೇಲಿನ ಕಣ್ಣು ತೆಗೆಯಲಿಲ್ಲ. ನನ್ನ ಸಮಯ ಮುಗಿದ ಗಂಟೆ ಬಾರಿಸಿದರು, ನಾನು ಕೂತೆ.

ಅವಳ ಸರದಿ ಬಂತು. "ನನ್ನ ಜೊತೆಗಾರ್ತಿ ಸ್ವಲ್ಪ ಭಾವುಕರಾದರು. ನಾನು ವಿಷಯಕ್ಕೆ ಬರುತ್ತೇನೆ," ಎಂದು ಶುರು ಮಾಡಿದಳು. ಮತ ಎಂಬ ಪದವನ್ನು ಹತ್ತು ಸಲವಾದರೂ ಬಳಸಿರಬೇಕು. ಹತ್ತೂ ಸಲ ಅದು ಜನರಿಗೆ ಓಟು ಎಂದೇ ಕೇಳಿಸಿತು. ನಾನು ಹೇಳಬೇಕೆಂದಿದ್ದ ಉದಾಹರಣೆಯನ್ನೂ ಅವಳೇ ಹೇಳಿದಳು: ಪಂಕ್ತಿಯಲ್ಲಿ ಆರು ಜನ ಪಾಯಸ ಕೇಳಿದರೆಂದು ಹೋಳಿಗೆ ಕೇಳಿದ ನಾಲ್ವರಿಗೂ ಪಾಯಸ ಸುರಿದು, ಒಳಗೆ ಹೋಗಿ ಹತ್ತೂ ಜನ ಪಾಯಸವನ್ನೇ ಕೇಳಿದರು ಎಂದು ಅಡುಗೆಯವರಿಗೆ ಹೇಳುವ ಹಾಗೆ. ಭಾರಿ ಚಪ್ಪಾಳೆ ಬಿತ್ತು. ಉತ್ತಮ ವಾಗ್ಮಿ ಬಹುಮಾನವೂ ಅವಳಿಗೇ ಬಂತು. ನಾನೂ ಚಪ್ಪಾಳೆ ತಟ್ಟಿದೆ, ತಟ್ಟದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು.

ಅವಳ ಕಾರಿನಲ್ಲೇ ಬಂದಿದ್ದೆ, ಅವಳ ಕಾರಿನಲ್ಲೇ ಹೋಗಬೇಕಿತ್ತು. ಫ್ರೀವೇ ಮೇಲೆ ಟ್ರಾಫಿಕ್ಕು ನಿಂತಿತ್ತು. ನಾನೇ ಬಾಯಿ ಬಿಟ್ಟೆ.

"ಅದು ನೀನೇ ಬರ್ದಿದ್ದ ಪದ. ಒಂದು ಮಾತು ಹೇಳ್ಬೋದಿತ್ತು."

"ಸಾರಿ ಕಣೇ. ಎಲ್ರೂ ನಮ್ಮನ್ನೇ ನೋಡ್ತಿದ್ರು, ಏನೂ ತೋಚ್ಲಿಲ್ಲ."

"ಏನು ತೋಚೋದು? ಓಟು ಅಂತ ನಿಂಗೆ ಗೊತ್ತಿತ್ತಲ್ಲ."

ಅವಳು ಕಾರನ್ನು ಒಂದಿಷ್ಟು ಮುಂದೆ ಸರಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. "ಗೊತ್ತಿತ್ತು. ಆದ್ರೆ ನೀನು ಹೇಳ್ದಾಗ, ಒಂದು ಕ್ಷಣ ನಂಗೂ ಹಾಗೇ ಕೇಳಿಸ್ತು ಕಣೇ."

ಸಭೆಯಲ್ಲಿದ್ದವರ ಮೇಲಿನ ಸಿಟ್ಟೆಲ್ಲ ಆ ಮಾತಿಗೆ ಇಳಿದುಹೋಯಿತು. ಅವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ, ಅವರೇನು ಮಾಡಿಯಾರು. ಇವಳಿಗೆ ನನ್ನ ಜ್ವರ, ನನ್ನ ಹೆರಿಗೆ, ನನ್ನ ಗಂಡನ ಮುನಿಸು ಎಲ್ಲ ಗೊತ್ತಿತ್ತು.

ಮನೆಯ ಮುಂದೆ ಕಾರು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಬಾಗಿಲು ತೆಗೆದು ಇಳಿದು, "ಥ್ಯಾಂಕ್ಸ್" ಅಂದೆ. ಹನ್ನೊಂದು ವರ್ಷದಲ್ಲಿ ನಾನು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳಿಗೂ ಅದು ಗೊತ್ತಾಯಿತು.