ಡಬ್ಬದಲ್ಲಿ ಬಂದ ಬೆಂಕಿಪೊಟ್ಟಣ

ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದು ನನ್ನಿಂದಾಗದ ಕೆಲಸ. ಪಕ್ಕದ ಮನೆಯವರು ಕೋಸಂಬರಿ ಕಳಿಸಿದ ಬಟ್ಟಲನ್ನು ತೊಳೆದು ಒರೆಸಿ ವಾಪಸು ಕೊಡುವಾಗ ಕೈ ತಾನಾಗಿ ಸಕ್ಕರೆ ಡಬ್ಬದ ಕಡೆಗೆ ಹೋಗುತ್ತದೆ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಅದಕ್ಕೂ ಬರ ಬಂದಿದ್ದರೆ ಒಂದೆಸಳು ಕರಿಬೇವು. ಯಾಕೆ ಎಂದು ಅಮ್ಮನನ್ನು ಕೇಳಿದರೆ "ಹಾಗೆ ಕೊಡಬಾರದು, ಅಷ್ಟೆ" ಎನ್ನುತ್ತಿದ್ದಳು. ನಾನು ವ್ಯಾಪಾರದವಳು, ನನಗೆ ಕಾರಣ ಬೇಕು. ನಾನೇ ಕಂಡುಕೊಂಡ ಕಾರಣ ಇಷ್ಟು: ಖಾಲಿ ಬಟ್ಟಲು ಕೊಟ್ಟರೆ ನಾವು ಅವರ ಹಂಗಿನಲ್ಲಿ ಉಳಿದೆವು. ಏನಾದರೂ ಹಾಕಿ ಕೊಟ್ಟರೆ ತಕ್ಕಡಿ ಸಮವಾಯಿತು, ತಲೆ ಎತ್ತಿ ನಡೆಯಬಹುದು. ಈ ಕಾರಣ ತಪ್ಪು ಎಂದು ತಿಳಿಯಲು ನಾನು ಜಪಾನಿಗೆ ಹೋಗಬೇಕಾಯಿತು.

ವ್ಯಾಪಾರದವಳು ಎಂದೆನಲ್ಲ, ದೊಡ್ಡ ಅಂಗಡಿಯನ್ನೇನೂ ಊಹಿಸಿಕೊಳ್ಳಬೇಡಿ. ಅಪ್ಪ ಬೇಗ ಹೋದರು. ಅಮ್ಮ ಹಪ್ಪಳ ಒತ್ತುತ್ತಿದ್ದಳು, ನಾನು ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ ಮನೆಮನೆಗೆ ಹೊತ್ತು ಮಾರುತ್ತಿದ್ದೆ. ಬಿ.ಕಾಂ. ಓದಿದ್ದು ಆ ಹಪ್ಪಳದಿಂದಲೇ. ಆ ಬೀದಿಗಳಲ್ಲಿ ಕಲಿತ ಒಂದು ವಿದ್ಯೆಯನ್ನು ನಿಮಗೆ ಈಗಲೇ ಪುಕ್ಕಟೆ ಕೊಟ್ಟುಬಿಡುತ್ತೇನೆ. ಚೌಕಾಸಿಯಲ್ಲಿ ಬಾಯಿಗಿಂತ ಕಾಲು ಮುಖ್ಯ. ನಿಮ್ಮ ಬೆಲೆ ಹೇಳಿ, ಸುಮ್ಮನೆ ಎದ್ದು ನಡೆಯಬೇಕು. ತಿರುಗಿ ನೋಡಬಾರದು. ಬೀದಿಯ ಮೂಲೆ ತಲುಪುವುದರೊಳಗೆ ಹಿಂದಿನಿಂದ ಕೂಗು ಬರುತ್ತದೆ: "ಬನ್ನಿ ತಾಯಿ, ನಿಮ್ಮ ಮಾತೇ ಇರ್ಲಿ!" ಮೊದಲು ಎದ್ದು ಹೋದವರು ಗೆದ್ದರು. ಹಿಂದೆ ಉಳಿದು ಕೂಗಿದವರು ಸೋತರು. ಈ ನಿಯಮ ನನಗೆ ಎಲ್ಲಿಯೂ ಕೈಕೊಟ್ಟಿರಲಿಲ್ಲ.

ಆಮೇಲೆ ಯಜಮಾನರಿಗೆ ಜಪಾನಿನ ಒಕಾಜಾಕಿಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕಂಪ್ಯೂಟರು ಕಲಿತ ಕನ್ನಡಿಗರೆಲ್ಲ ಟೋಕಿಯೋದಲ್ಲಿ ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂಬ ವೈ-ಟು-ಕೆ ಭಯಕ್ಕೆ ಇಸವಿಯ ಎರಡು ಅಂಕಿಗಳನ್ನು ನಾಲ್ಕು ಮಾಡುತ್ತ ಕೈತುಂಬ ಸಂಪಾದಿಸುತ್ತಿದ್ದ ಕಾಲ ಅದು. ನಮ್ಮವರು ಮಾತ್ರ ಮೀನಿನ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತಿದ್ದರು. ಮೀನು ತಿನ್ನದ ಮನುಷ್ಯ ಜಪಾನಿಗೆ ಬಂದು ಮೀನಿನ ಮೇಲೆ ಬದುಕಿದ್ದು ಹೀಗೆ. ನಾನು ಸುಮ್ಮನೆ ಕೂರಲಿಲ್ಲ. ಸಾರಿನ ಪುಡಿ, ಹುಳಿಪುಡಿ ಮಾಡಿ ಕ್ಯೋಟೋ, ಸೆಂಡಾಯ್‌ಗಳಲ್ಲಿ ಓದುತ್ತಿದ್ದ ನಮ್ಮ ಹುಡುಗ ಹುಡುಗಿಯರಿಗೆ ಪಾರ್ಸೆಲ್ ಕಳಿಸತೊಡಗಿದೆ. ಆರ್ಡರೆಲ್ಲ ಇ-ಮೇಲ್‌ನಲ್ಲಿ. ಕನ್ನಡಿಗರದ್ದೊಂದು ಇ-ಮೇಲ್ ಬಳಗವಿತ್ತು. ಕಂಪ್ಯೂಟರಿಗೆ ಇನ್ನೂ ಕನ್ನಡ ಅಕ್ಷರ ಬಾರದ ಕಾಲವಾದ್ದರಿಂದ ಎಲ್ಲರೂ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಕುಟ್ಟುತ್ತಿದ್ದರು.

ಜಪಾನಿನಲ್ಲಿ ಚೌಕಾಸಿ ಇಲ್ಲ ಎಂದು ಎಲ್ಲರೂ ಹೆದರಿಸಿದ್ದರು. ನಾನು ನಂಬಲಿಲ್ಲ. ತರಕಾರಿಯವನ ಮುಂದೆ ಮೂಲಂಗಿ ಹಿಡಿದು ಬೆರಳಲ್ಲೇ ನನ್ನ ಬೆಲೆ ತೋರಿಸಿದೆ. ಅವನು ಸೊಂಟ ಬಗ್ಗಿಸಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದ. ಒಂದು ಯೆನ್ನೂ ಇಳಿಸಲಿಲ್ಲ. ಆದರೆ ದುಡ್ಡು ಕೊಟ್ಟ ಮೇಲೆ ಚೀಲಕ್ಕೆ ತಾನಾಗಿ ಇನ್ನೊಂದು ಮೂಲಂಗಿ ಹಾಕಿದ. ಅದೇ ನಮ್ಮ ಕೊಸರು! ಕೇಳದೆ ಬಂದ ಕೊಸರು ಮನಸ್ಸಿನಲ್ಲಿ ಚುಚ್ಚುತ್ತದೆ ಎಂದು ಆವತ್ತು ಮೊದಲ ಸಲ ಅನ್ನಿಸಿತು. ಚೌಕಾಸಿ ಮಾಡಿ ಪಡೆದದ್ದು ನನ್ನ ಗಳಿಕೆ. ಸುಮ್ಮನೆ ಬಂದದ್ದನ್ನು ಯಾವ ಕಪಾಟಿನಲ್ಲಿ ಇಡುವುದು?

ನಮ್ಮ ಪಕ್ಕದ ಮನೆಯಲ್ಲಿ ಒಕುಮುರಾ ಸಾನ್ ಇದ್ದರು, ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಒಬ್ಬರೇ. ಗಂಡ ಮಿಸೊ ಎಂಬ ಸೋಯಾ ಗೊಜ್ಜಿನ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡಿದ್ದರು, ಮಗಳು ಸೆಂಡಾಯ್‌ನಲ್ಲಿ ಸಂಸಾರ ಹೂಡಿದ್ದರು. ಬೆನ್ನು ಬಾಗಿದ, ಮಾತು ಕಡಿಮೆಯ, ಮೊಂಡು ಮುದುಕಿ. ನಾವು ಜಪಾನಿಗೆ ಹೋದ ವರ್ಷದ ಡಿಸೆಂಬರಿನಲ್ಲಿ ಒಂದು ಸ್ಟೀಲ್ ಡಬ್ಬದ ತುಂಬ ಚಕ್ಕುಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಡಬ್ಬ ಮರುದಿನವೇ ತೊಳೆದು ಹೊಳೆಯುತ್ತ ಹಿಂದೆ ಬಂತು. ಮುಚ್ಚಳ ತೆಗೆದರೆ ಒಳಗೊಂದು ಬೆಂಕಿಪೊಟ್ಟಣ.

 ಬೆಂಕಿ! ಚಕ್ಕುಲಿ ಅಷ್ಟು ಕೆಟ್ಟದಾಗಿತ್ತೇ? ಸಂಜೆ ಯಜಮಾನರ ಮುಂದೆ ಇಟ್ಟೆ. ಅವರು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ, ಮೀನನ್ನು ನೋಡುವ ಗಾಂಭೀರ್ಯದಿಂದಲೇ ನೋಡಿದರು.

"ಇದು ವೈ-ಟು-ಕೆಗೆ ಕಣೇ. ಮೂವತ್ತೊಂದನೇ ತಾರೀಕು ಕರೆಂಟ್ ಹೋಗುತ್ತಲ್ಲ, ಅದಕ್ಕೆ."

"ಆ ಅಜ್ಜಿಗೆ ವೈ-ಟು-ಕೆ ಏನ್ರೀ ಗೊತ್ತು?"

"ಯುದ್ಧ ನೋಡಿದ ಜನ ಅವ್ರು. ನಮಗಿಂತ ಮುಂಚೆ ವಾಸನೆ ಹಿಡೀತಾರೆ. ನೀನು ಮೊದ್ಲು ಮೇಣದ ಬತ್ತಿ ತಗೊಂಬಾ."

ತಂದೆ. ಅಷ್ಟಕ್ಕೆ ಬಿಡದೆ ಬಳಗಕ್ಕೆ ಒಂದು ಇ-ಮೇಲನ್ನೂ ಹಾಕಿದೆ: ಪಕ್ಕದ ಮನೆಯವರು ಬೆಂಕಿಪೊಟ್ಟಣ ಕೊಟ್ಟಿದ್ದಾರೆ, ಎಲ್ಲರೂ ಹುಷಾರಾಗಿರಿ, ದೊಡ್ಡ ಕಟ್ಟು ಮೇಣದ ಬತ್ತಿ ಕೊಂಡರೆ ಅಗ್ಗ. ಆಗೆಲ್ಲ ಇಂಟರ್ನೆಟ್ಟಿನಲ್ಲಿ ಜಪಾನಿನ ವಿಚಿತ್ರಗಳಿಗೆ ಬಹಳ ಬೇಡಿಕೆ. ಹಾಡುವ ಕಮೋಡು, ಚೌಕಾಕಾರದ ಕಲ್ಲಂಗಡಿ, ಮೊಟ್ಟೆಯಾಕಾರದ ಆಟಿಕೆಯೊಳಗೆ ಹಸಿದು ಅಳುವ ಮರಿ, ಇಂಥವನ್ನು ಜನ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ನನ್ನ ಬೆಂಕಿಪೊಟ್ಟಣವೂ ಆ ಸಂತೆಗೆ ಸೇರಿತು. ಕೆಲವು ದಿನಗಳ ಮೇಲೆ ಬೆಂಗಳೂರಿನಿಂದ ನನ್ನ ನಾದಿನಿಯ ಇ-ಮೇಲ್ ಬಂತು. "ಅತ್ತಿಗೆ, ಜಪಾನ್ ಸರ್ಕಾರ ಮನೆಮನೆಗೂ ಬೆಂಕಿಪೊಟ್ಟಣ ಹಂಚ್ತಿದೆಯಂತೆ, ನಿಮಗೆ ಸಿಕ್ತಾ? ಸಿಗದಿದ್ರೆ ಹೋಗಿ ಕೇಳಿ, ಬಿಡ್ಬೇಡಿ!" ನಾನೇ ಮಾರಿದ ಸರಕು ಬಣ್ಣ ಬಳಿದುಕೊಂಡು ನನಗೇ ಮಾರಾಟಕ್ಕೆ ಬಂದಿತ್ತು. ಅಂದಿನಿಂದ ಇಂಟರ್ನೆಟ್ಟಿನ ಸುದ್ದಿಗೆ ನಾನು ಎಂದೂ ಕೇಳಿದ ಬೆಲೆ ಕೊಟ್ಟಿಲ್ಲ. ನೀವೂ ಕೊಡಬೇಡಿ.

ಹೊಸ ವರ್ಷ ಬಂತು. ಕರೆಂಟು ಹೋಗಲಿಲ್ಲ. ಸಾರಿನ ಪುಡಿಯ ನನ್ನ ಗಿರಾಕಿ, ಕ್ಯೋಟೋದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ, ತನ್ನ ಮನೆಯೊಡತಿಯನ್ನು ವಿಚಾರಿಸಿ ಬರೆದಳು: ಅದು ಇಲ್ಲಿನ ಹಳೆಯ ಕಾಲದ ಹೆಂಗಸರ ಪದ್ಧತಿ. ಬೇರೆಯವರ ಪಾತ್ರೆಯನ್ನು ಖಾಲಿಯಾಗಿ ಕೊಡಬಾರದು, ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಬೆಂಕಿಪೊಟ್ಟಣವನ್ನಾದರೂ ಹಾಕಿ ಕೊಡುತ್ತಾರೆ.

ಅಂದರೆ ಅದು ಅವರ ಒಂದು ಚಮಚ ಸಕ್ಕರೆ! ನಾನು ಮೇಣದ ಬತ್ತಿಯ ರಾಶಿಯ ನಡುವೆ ಕೂತು ಆ ಪೊಟ್ಟಣವನ್ನು ಮತ್ತೆ ಕೈಗೆತ್ತಿಕೊಂಡೆ. ಸಮುದ್ರ ದಾಟಿ ಬಂದ ಮೇಲೆ ಪಕ್ಕದ ಬಾಗಿಲಲ್ಲಿ ನನ್ನಮ್ಮನೇ ನಿಂತ ಹಾಗಾಯಿತು.

ಆಮೇಲೆ ಶುರುವಾಯಿತು ನೋಡಿ ನಮ್ಮಿಬ್ಬರ ವ್ಯವಹಾರ. ನಾನು ಕೊಡುಬಳೆ ಕೊಟ್ಟರೆ ಡಬ್ಬದಲ್ಲಿ ಉಪ್ಪಿನಲ್ಲಿಟ್ಟ ಮೂಲಂಗಿ ಬರುವುದು. ಮೂಲಂಗಿ ತಿಂದ ತಪ್ಪಿಗೆ ನಾನು ಚಿತ್ರಾನ್ನ ಕಳಿಸಿದರೆ ಅವರದೇ ಅರಗಿನ ಬಟ್ಟಲಿನಲ್ಲಿ ಅನ್ನಕ್ಕೆ ಹೂರಣ ಮೆತ್ತಿದಂಥ ಒಂದು ಸಿಹಿ. ಈಗ ಬಟ್ಟಲು ನನ್ನ ಹತ್ತಿರ, ಡಬ್ಬ ಅವರ ಹತ್ತಿರ. ಶಿಶುವಿಹಾರದಲ್ಲಿ ಜಪಾನಿ ಕಲಿತ ನಮ್ಮ ಐದು ವರ್ಷದ ಮಗಳು ಅದಿತಿ ನಡುವಿನ ರಾಯಭಾರಿ. ನಾವು ಮೀನು ತಿನ್ನುವುದಿಲ್ಲ ಎಂದು ಅವಳೇ ಅಜ್ಜಿಗೆ ಹೇಳಿಬಂದಿದ್ದಳು. ಅಂದಿನಿಂದ ಒಕುಮುರಾ ಸಾನ್ ಏನೇ ಕೊಟ್ಟರೂ ಅದರ ಮೇಲೊಂದು ಕಾಗದದ ಚೂರು ಇರುತ್ತಿತ್ತು. ಅದರಲ್ಲಿ ಪೆನ್ಸಿಲಿನಿಂದ ಬರೆದ ಪುಟ್ಟ ಮೀನು, ಮೀನಿನ ಮೇಲೆ ಒಂದು ದೊಡ್ಡ ಇಂಟು ಗುರುತು. ಸಿಹಿಗೆಣಸಿನ ಮೇಲೂ ಇಂಟು ಹಾಕಿದ ಮೀನು, ಹಣ್ಣಿನ ಮೇಲೂ ಇಂಟು ಹಾಕಿದ ಮೀನು.

"ಹಣ್ಣಲ್ಲಿ ಮೀನು ಎಲ್ಲಿಂದ ಬರುತ್ತೆ, ಅಜ್ಜಿಗೆ ಹೇಳೇ" ಎಂದರೆ ಅದಿತಿ ಜಪಾನಿಯಲ್ಲೇ ಗದರುತ್ತಿದ್ದಳು. ಅಜ್ಜಿ ಪ್ರಾಮಿಸ್ ಮಾಡಿದ್ದಾರೆ, ನಿಂಗೇನು, ಎಂಬರ್ಥದಲ್ಲಿ.

ಎರಡನೆಯ ವರ್ಷದ ಕೊನೆಗೆ ಯಜಮಾನರ ಅವಧಿ ಮುಗಿಯುವುದು ಖಚಿತವಾಯಿತು. ಮಾರ್ಚ್ ಕೊನೆಗೆ ಮೈಸೂರಿಗೆ ವಾಪಸು. ಗಂಟುಮೂಟೆ ಕಟ್ಟುವ ಚಿಂತೆಗಿಂತ ಈ ಡಬ್ಬದ ಚಿಂತೆ ನನಗೆ ದೊಡ್ಡದಾಯಿತು. ಯಾರ ಹಂಗನ್ನೂ ಉಳಿಸಿಕೊಳ್ಳದೆ ಬದುಕಿದವಳು ನಾನು. ಪರದೇಶದ ಒಬ್ಬ ಒಂಟಿ ಮುದುಕಿಯ ಮೂಲಂಗಿಯ ಹಂಗು ಹೊತ್ತು ವಿಮಾನ ಹತ್ತುವುದೇ? ಕೊನೆಯ ಕೈ ನನ್ನದಾಗಬೇಕು. ಅದಕ್ಕೆ ಉಪಾಯ ಹೂಡಿದೆ. ಹೊರಡುವ ದಿನ, ಟ್ಯಾಕ್ಸಿ ಬಾಗಿಲಲ್ಲಿ ನಿಂತಾಗ, ಅವರ ಬಟ್ಟಲಿನಲ್ಲಿ ಮೈಸೂರು ಪಾಕು ತುಂಬಿ ಕೈಗಿತ್ತು ನಮಸ್ಕಾರ ಹೇಳಿ ಹತ್ತಿಬಿಡುವುದು. ತಿರುಗಿ ಕೊಡಲು ಅವರಿಗೆ ಹೊತ್ತೆಲ್ಲಿ?

"ಸೈಕಲ್ ಹತ್ತಿ ಟ್ಯಾಕ್ಸಿ ಹಿಂದೆ ಬರ್ತಾರೆ ನೋಡ್ತಿರು" ಎಂದರು ಯಜಮಾನರು. "ನಿನಗೆ ಸರಿಯಾದ ಜೋಡಿ ಸಿಕ್ಕಿರೋದೇ ಈಗ."

ವರ್ಷದ ಕೊನೆಯ ದಿನ ಡಬ್ಬದ ತುಂಬ ಕೊಡುಬಳೆ ಕೊಡುವಾಗ ಮಾರ್ಚಿನಲ್ಲಿ ಹೊರಡುವ ಸುದ್ದಿಯನ್ನು ಅದಿತಿಯ ಬಾಯಲ್ಲಿ ಹೇಳಿಸಿದೆ. ಒಕುಮುರಾ ಸಾನ್ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನನ್ನ ಮುಖ ನೋಡಲಿಲ್ಲ, ಡಬ್ಬವನ್ನೇ ನೋಡಿದರು.

"ಹಾಗಾದರೆ ಇದನ್ನು ಬೇಗ ಕೊಡಬೇಕು" ಎಂದರು. ಅಷ್ಟೇ.

ಆ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿತು. ಆಸ್ಪತ್ರೆಗೆ ಸೇರಿದರು. ನಾನೂ ಅದಿತಿಯೂ ಒಮ್ಮೆ ಹೋಗಿದ್ದೆವು, ನಿದ್ದೆಯಲ್ಲಿದ್ದರು. ಫೆಬ್ರವರಿಯಲ್ಲಿ ತೀರಿಕೊಂಡರು.

ಸಾವಿನ ಮನೆಗೆ ಹೇಗೆ ಹೋಗಬೇಕು ಎಂದು ಮತ್ತೆ ಬಳಗವನ್ನೇ ಕೇಳಿದೆ. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಕಪ್ಪು ಬಟ್ಟೆ ಉಡಿ ಎಂದರು. ಲಕೋಟೆಯಲ್ಲಿ ಹಣ ಇಡಬೇಕು, ಆದರೆ ಗರಿಗರಿ ಹೊಸ ನೋಟು ಇಡಬೇಡಿ, ಇಟ್ಟರೆ ಈ ಸಾವಿಗೆ ಮುಂಚೆಯೇ ಸಿದ್ಧರಾಗಿ ಕಾಯುತ್ತಿದ್ದಿರಿ ಎಂದಾಗುತ್ತದೆ ಎಂದರು. ನಾನು ಹೊಸ ನೋಟುಗಳನ್ನೇ ಆರಿಸಿ ಇಟ್ಟುಕೊಳ್ಳುವವಳು. ಯಜಮಾನರು ತಮ್ಮ ಪರ್ಸಿನಿಂದ ಮುದುಡಿದ ನೋಟು ತೆಗೆದುಕೊಟ್ಟರು. ಲಕೋಟೆ ಕೊಟ್ಟು ತಲೆ ಬಾಗಿಸಿ ಹೊರಗೆ ಬರುವಾಗ ಬಾಗಿಲಲ್ಲಿ ನಮ್ಮ ಕೈಗೂ ಒಂದು ಚೀಲ ಬಂತು. ಒಳಗೆ ಚಹಾ ಸೊಪ್ಪು, ಜೊತೆಗೆ ಮನೆಯೊಳಗೆ ಕಾಲಿಡುವ ಮುಂಚೆ ಮೈಮೇಲೆ ಚಿಮುಕಿಸಿಕೊಳ್ಳಲು ಒಂದು ಚಿಟಿಕೆ ಉಪ್ಪು. ಸಾವಿನ ಮನೆಯೂ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸುತ್ತುತ್ತಿದ್ದ ಅಷ್ಟೊಂದು ವಿಚಿತ್ರಗಳಲ್ಲಿ ಇದನ್ನು ಯಾರೂ ಬರೆದದ್ದು ನಾನು ಕಂಡಿರಲಿಲ್ಲ.

ಹೊರಡಲು ವಾರವಿರುವಾಗ ಸೆಂಡಾಯ್‌ನಿಂದ ಮಗಳು ಬಂದಿದ್ದರು, ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿಸಿ ಮನೆ ಖಾಲಿ ಮಾಡುವುದಕ್ಕೆ. ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟು. ಅವರ ಮಾತನ್ನು ಅದಿತಿ ನನಗೆ ಬಿಡಿಸಿ ಹೇಳಿದಳು, ಅಪರೂಪಕ್ಕೆ ಕನ್ನಡದಲ್ಲೇ:

"ಅಜ್ಜಿ ಆಸ್ಪತ್ರೆಗೆ ಹೋಗೋ ದಿನಾನೇ ಇದನ್ನ ಕಟ್ಟಿ ಬಾಗಿಲ ಹತ್ರ ಇಟ್ಟಿದ್ರಂತೆ. ನಮ್ಮನೇದಂತೆ. ಕೊಡಕ್ಕೆ ಲೇಟ್ ಆಯ್ತು, ಸುಮಿಮಾಸೆನ್, ಅಂತಿದಾರೆ, ಅಮ್ಮಾ."

ಬಟ್ಟೆ ಬಿಚ್ಚಿದೆ. ನನ್ನ ಸ್ಟೀಲ್ ಡಬ್ಬ, ತೊಳೆದು ಹೊಳೆಯುತ್ತಿತ್ತು. ಒಳಗೆ ಒಂದು ಬೆಂಕಿಪೊಟ್ಟಣ. ಒಲೆಯ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ ಅವರಿಗೆ. ಪೊಟ್ಟಣದ ಮೇಲೊಂದು ಕಾಗದದ ಚೂರು. ಅದರಲ್ಲಿ ಪುಟ್ಟ ಮೀನು, ಗೆರೆ ಸ್ವಲ್ಪ ನಡುಗಿತ್ತು. ಮೀನಿನ ಮೇಲೆ ಇಂಟು ಗುರುತು.

ಬೆಂಕಿಪೊಟ್ಟಣದಲ್ಲಿ ಮೀನಿಲ್ಲವಂತೆ! ನಾನು ನಕ್ಕೆ. ನಗುತ್ತ ನಗುತ್ತಲೇ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಮಗಳೂ ಬಾಗಿಲ ಚೌಕಟ್ಟು ಹಿಡಿದು ನಿಂತರು.

ಅವರ ಬಟ್ಟಲಿಗೆ ಮೈಸೂರು ಪಾಕು ತುಂಬಿ ಆ ಮಗಳ ಕೈಗೆ ಕೊಟ್ಟೆ. ಅವರು ಸೆಂಡಾಯ್‌ಗೆ ಹೊರಟುಹೋದರು. ಪಕ್ಕದ ಬಾಗಿಲಿಗೆ ಬೀಗ ಬಿತ್ತು. ನಾನು ಆ ಬಾಗಿಲ ಮುಂದೆ ನಿಂತೆ. ಹಪ್ಪಳ ಹೊತ್ತ ದಿನದಿಂದ ನಂಬಿದ ನನ್ನ ನಿಯಮ ಏನು ಹೇಳುತ್ತದೆ? ಮೊದಲು ಎದ್ದು ಹೋದವರು ಗೆದ್ದರು. ತಿರುಗಿ ನೋಡದೆ ಹೋದರು ಒಕುಮುರಾ ಸಾನ್. ಹಿಂದೆ ಉಳಿದವರು ಕೂಗಬೇಕಲ್ಲ, ಕೂಗಿದೆ, ಬಾಯೊಳಗೇ. ಬನ್ನಿ ತಾಯಿ, ನಿಮ್ಮ ಮಾತೇ ಇರಲಿ. ಬೀದಿಯ ಮೂಲೆ ಅವರು ಆಗಲೇ ದಾಟಿದ್ದರು.

ವಿಮಾನದ ಪೆಟ್ಟಿಗೆಯಲ್ಲಿ ಬೆಂಕಿಕಡ್ಡಿ ಬಿಡುವುದಿಲ್ಲ. ಉಳಿದ ಸಂಜೆಗಳಲ್ಲಿ ದೇವರ ದೀಪಕ್ಕೆ ಅವೇ ಕಡ್ಡಿ ಗೀರಿದೆ. ಹೊರಡುವ ಹಿಂದಿನ ದಿನ ಡಬ್ಬದ ತುಂಬ ಸಾರಿನ ಪುಡಿ ತುಂಬಿದೆ. ಅದನ್ನು ಅನ್ನಕ್ಕೆ ಹೇಗೆ ಬಳಸುವುದೆಂದು ಅದಿತಿಯ ಕೈಯಲ್ಲಿ ಚಿತ್ರ ಬರೆಸಿದೆ. ಅವಳು ಕೇಳದೆಯೇ ಮೂಲೆಯಲ್ಲಿ ಒಂದು ಮೀನು ಬರೆದು ಇಂಟು ಹಾಕಿದಳು. ಸೆಂಡಾಯ್‌ನ ಮಗಳಿಗೆ ಪಾರ್ಸೆಲ್ ಮಾಡಲು ಕೊಂಬಿನಿಗೆ ಹೋದೆ. ಕೊಂಬಿನಿ ಎಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿ, ಪಾರ್ಸೆಲ್ಲನ್ನೂ ಅಲ್ಲೇ ತೆಗೆದುಕೊಳ್ಳುತ್ತಾರೆ.

ಚೀಟಿಯಲ್ಲಿ ಕಳಿಸುವವರ ವಿಳಾಸದ ಜಾಗ ಬಂತು. ಒಕಾಜಾಕಿಯ ವಿಳಾಸ ಬರೆದರೆ ಮುಗಿಯಿತು, ನಾಳೆ ಆ ಮನೆಯಲ್ಲಿ ನಾವಿರುವುದಿಲ್ಲ, ಡಬ್ಬ ಹಿಂದಿರುಗುವ ದಾರಿಯೇ ಇಲ್ಲ. ಕೊನೆಯ ಕೈ ನನ್ನದಾಗುತ್ತದೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಲಿಲ್ಲ, ಜಪಾನಿಗಳು ಗೊಣಗುವುದಿಲ್ಲ.

ಆ ಜಾಗದಲ್ಲಿ ಒಕಾಜಾಕಿಯದನ್ನೇ ಬರೆದೆ, ಪಾರ್ಸೆಲ್ಲಿಗೆ ಜಪಾನಿನ ವಿಳಾಸವೇ ಬೇಕು, ನಿಯಮ ನಿಯಮವೇ. ಆಮೇಲೆ ಪಾರ್ಸೆಲ್ ಬಿಚ್ಚಿ, ಡಬ್ಬದ ಮುಚ್ಚಳದ ಮೇಲೆ ಒಂದು ಕಾಗದ ಅಂಟಿಸಿ, ಮೈಸೂರಿನ ನಮ್ಮ ಮನೆಯ ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ, ಪಿನ್ ಕೋಡ್ ಸಮೇತ ಬರೆದೆ.